ಮಾಲ್ಟ್ ಗಂಜಿಗೆ ಸಕ್ಕರೆ ಸುರಿಯುವ ಮೊದಲು

ಕಲಬುರಗಿ ಸುತ್ತಲಿನ ಮಹಿಳಾ ಸಂಘಗಳಿಗೆ ಮಾಲ್ಟ್ ಹಿಟ್ಟಿನ, ಅಂದರೆ ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಕಾಳಿನ ಹಿಟ್ಟಿನ, ತರಬೇತಿ ಕೊಡುವುದು ನನ್ನ ಕೆಲಸ. ನೆನೆಸುವುದು, ಬಟ್ಟೆಯಲ್ಲಿ ಕಟ್ಟುವುದು, ಒಣಗಿಸುವುದು ನಮ್ಮ ಅಕ್ಕಂದಿರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಸ್ವಲ್ಪ ದಿನಕ್ಕೆ ಫೋನ್ ಬರುತ್ತದೆ. "ಮೇಡಂ, ಮೊಳಕಿ ಹಿಟ್ಟು ಸಿಹಿ ಇರ್ತದ ಅಂದಿದ್ರಿ. ನಮ್ದು ಸಪ್ಪಗ ಆಗ್ಯಾದ, ಮ್ಯಾಲೆ ಗಟ್ಟಿ ಬ್ಯಾರೆ." ಹೇಗೆ ಮಾಡಿದಿರಿ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: ಕೊತಕೊತ ಕುದಿಯುವ ನೀರಿಗೆ ಹಿಟ್ಟು ಹಾಕಿ ತಿರುವಿದೆವು. ಆಮೇಲೆ ಸಪ್ಪಗಾಯಿತು ಅಂತ ಎರಡು ಚಮಚ ಸಕ್ಕರೆ. ಹಾಗಿದ್ದರೆ ಸುಮ್ನೆ ಮೊಳಕೆ ಯಾಕೆ ಕಟ್ಟಿದಿರಿ?

ಮೊಳಕೆ ಬಂದ ಕಾಳಿನಲ್ಲಿ ಸಕ್ಕರೆ ತುಂಬಿಕೊಂಡಿರುವುದಿಲ್ಲ. ಸಕ್ಕರೆ ಮಾಡುವ ಕಿಣ್ವ ಇರುತ್ತದೆ. ಇದನ್ನು ಇನ್ನೊಂದು ಸಲ ಓದಿ ದಯವಿಟ್ಟು. ಈ ಕಿಣ್ವ ಪಿಷ್ಟವನ್ನು ಕತ್ತರಿಸಿ ಮಾಲ್ಟೋಸ್ ಎಂಬ ಸಕ್ಕರೆ ಮಾಡುತ್ತದೆ, ಗಂಜಿ ತೆಳ್ಳಗೂ ಆಗುತ್ತದೆ, ಆದರೆ ಅದಕ್ಕೆ ಸರಿಯಾದ ಬಿಸಿ ಬೇಕು, ಸ್ವಲ್ಪ ಹೊತ್ತೂ ಬೇಕು. 60ರಿಂದ 65 ಡಿಗ್ರಿ ಸೆಲ್ಸಿಯಸ್ ಹತ್ತಿರ ಸಿಹಿ ಚೆನ್ನಾಗಿ ಬರುತ್ತದೆ. 70 ದಾಟಿದರೆ ಗಂಜಿ ತೆಳ್ಳಗಾಗುತ್ತದೆ, ಸಿಹಿ ಮಾತ್ರ ಕಮ್ಮಿ, ಯಾಕೆಂದರೆ ಪಿಷ್ಟ ದೊಡ್ಡ ದೊಡ್ಡ ತುಂಡಾಗಿ ಒಡೆಯುತ್ತದೆ, ಆ ತುಂಡುಗಳ ಸಿಹಿ ನಾಲಗೆಗೆ ಹತ್ತುವುದಿಲ್ಲ. ಕುದಿಯುವ ನೀರಿಗೆ ಬಿದ್ದರೆ ಕಿಣ್ವದ ಕತೆಯೇ ಮುಗಿಯಿತು. ಕಾಸಿದಷ್ಟೂ ಸಿಹಿ ಅನ್ನುವುದು ಬೆಲ್ಲದ ಕೊಪ್ಪರಿಗೆಯ ಲೆಕ್ಕ, ಇಲ್ಲಿ ನಡೆಯುವುದಿಲ್ಲ.

ಬೆಲ್ಜಿಯಂ ಕಡೆಯ ಬಿಯರ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಟ್ರಿಪೆಲ್‌ನಂಥ ಬಿಯರ್‌ಗೆ ಬಾರ್ಲಿ ಮಾಲ್ಟನ್ನು 62ರಿಂದ 65 ಡಿಗ್ರಿ ಬಿಸಿನೀರಿನಲ್ಲಿ ಇಟ್ಟು ಸಕ್ಕರೆ ಇಳಿಸುತ್ತಾರೆ. ಆಮೇಲೆ ಯೀಸ್ಟ್ ಅದರಲ್ಲಿ ಬಹುಪಾಲು ತಿಂದುಬಿಡುತ್ತದೆ, ಹಾಗಾಗಿ ಬಿಯರ್ ಅಷ್ಟು ಸಿಹಿ ಇರುವುದಿಲ್ಲ. ನಮ್ಮ ಗಂಜಿಯಲ್ಲಿ ಯೀಸ್ಟ್ ಹಾಕುವುದಿಲ್ಲವಲ್ಲ, ಸಿಹಿ ಕೂಸಿನ ಬಟ್ಟಲಿಗೇ ಬರುತ್ತದೆ. ತರಬೇತಿಯಲ್ಲಿ ಬಿಯರ್ ಅಂದ ಕೂಡಲೇ ಎಲ್ಲರೂ ಸೆರಗು ಬಾಯಿಗೆ ಹಿಡಿದು ನಗುತ್ತಾರೆ. ನಗಲಿ, ಡಿಗ್ರಿ ನೆನಪಿಟ್ಟುಕೊಂಡರೆ ಸಾಕು.

ಮೊದಲು ಮೊಳಕೆ ಕಟ್ಟದ ಜೋಳದ ಹಿಟ್ಟಿನಲ್ಲಿ ಗಂಜಿ ಕುದಿಸಿ. ಪಿಷ್ಟ ಬೇಯದೆ ಕಿಣ್ವಕ್ಕೆ ಸಿಗುವುದಿಲ್ಲ. ಇಳಿಸಿ ಆರಲು ಬಿಡಿ. 65ಕ್ಕೆ ಬಂದಾಗ ಮೊಳಕೆ ರಾಗಿ ಹಿಟ್ಟನ್ನು ಜೋಳದ ಹಿಟ್ಟಿನ ಹತ್ತರಲ್ಲಿ ಒಂದು ಪಾಲು ಕಲಸಿ ಇಪ್ಪತ್ತು ನಿಮಿಷ ಮುಚ್ಚಿಡಿ. ಬೆರಳು ಅದ್ದಿ ನೋಡುವುದು ಬೇಡ, ಸುಡುತ್ತದೆ; ಅಡುಗೆ ಥರ್ಮಾಮೀಟರ್ ಒಂದು ಸಂಘಕ್ಕೆ ಒಂದಿದ್ದರೂ ಆಯಿತು. ಬೆಲ್ಲದಷ್ಟು ಸಿಹಿ ನಿರೀಕ್ಷಿಸಬೇಡಿ, ಮಾಲ್ಟೋಸ್ ಸಕ್ಕರೆಯ ಅರ್ಧದಷ್ಟೂ ಸಿಹಿ ಇಲ್ಲ.

ಆಳಂದ ಕಡೆ ಒಬ್ಬ ಅತ್ತೆ ನನ್ನನ್ನೇ ತರಾಟೆಗೆ ತೆಗೆದುಕೊಂಡರು. "ಹಸಿ ಹಿಟ್ಟು ಕೂಸಿಗಿ ಕುಡಸ್ತೀರೇನ್ರಿ?" ಅವರ ಮಾತು ಸರಿ. ಮೊಳಕೆ ಕಾಳಿನಲ್ಲಿ ರೋಗಾಣು ಬೇಗ ಬೆಳೆಯುತ್ತವೆ, ನಮ್ಮ ಬೇಸಿಗೆಯಲ್ಲಂತೂ ಕೇಳಲೇಬೇಡಿ. ಅದಕ್ಕೇ ಇಪ್ಪತ್ತು ನಿಮಿಷ ಆದ ಮೇಲೆ ಮತ್ತೊಮ್ಮೆ ಚೆನ್ನಾಗಿ ಕುದಿಸಬೇಕು. ಬಂದ ಸಿಹಿ ಎಲ್ಲಿಗೂ ಹೋಗುವುದಿಲ್ಲ. ಆರು ತಿಂಗಳ ಒಳಗಿನ ಕೂಸಿಗೆ ಇದು ಬೇಡವೇ ಬೇಡ, ಆಮೇಲೂ ಡಾಕ್ಟರನ್ನು ಒಂದು ಮಾತು ಕೇಳಿ.

ಜೋಳವನ್ನೇ ಮೊಳಕೆ ಕಟ್ಟಿದರೆ ಆಗಲ್ವಾ ಅಂತಾರೆ. ಎಳೆ ಜೋಳ ಮೇಯ್ದು ದನ ಸಾಯುವುದು ನಮ್ಮ ಕಡೆ ರೈತರಿಗೆ ಗೊತ್ತಿದೆ. ಸಯನೈಡ್ ಬಿಡುವ ಅದೇ ಅಂಶ ಜೋಳದ ಮೊಳಕೆಯಲ್ಲೂ ಇರುತ್ತದೆ. ದೊಡ್ಡವರಿಗೆ ಮಾಡುವುದಾದರೂ ಬೇರು, ಚಿಗುರು ಉಜ್ಜಿ ತೆಗೆಯಲೇಬೇಕು. ಕೂಸುಗಳಿಗೆ ನಾನು ರಾಗಿಯನ್ನೇ ಹೇಳುತ್ತೇನೆ.

ಇನ್ನು ಘಮ ಬರಲಿ ಅಂತ ಮೊಳಕೆ ಕಾಳನ್ನು ಕೆಂಪಗೆ ಹುರಿಯುವವರು. ಬಣ್ಣ, ಘಮ ಎರಡೂ ಬರುತ್ತವೆ, ಕಿಣ್ವ ಉಳಿಯುವುದಿಲ್ಲ. ಚೆನ್ನಾಗಿ ಒಣಗಿಸಿ ಬೀಸಿದರೆ ಸಾಕು. ಪ್ಯಾಕೆಟ್ ಮೇಲೆ "ಕುದಿಯುವ ನೀರಿಗೆ ಹಾಕಿ" ಅಂತ ಅಚ್ಚು ಹಾಕಿಸಿದ ಸಂಘಗಳೂ ಇವೆ. ಆ ಚೀಟಿಗಳು ಮುಗಿಯುವ ತನಕ ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ, ಮಾರಾಯ್ರೆ.