ಮನೆ ನವೀಕರಣದ ಜೊತೆ ಅಂಗಳ, ಹಿತ್ತಿಲು: ಕೊಡಗಿನಲ್ಲಿ ಮೊದಲು ನೀರಿನ ದಾರಿ

ಹಳೆ ಮನೆಗೆ ಹೊಸ ಸಿಟೌಟ್ ಬರುತ್ತದೆ, ಸೂರು ನಾಲ್ಕಡಿ ಮುಂದಕ್ಕೆ ಚಾಚುತ್ತದೆ. ಆಮೇಲೆ ಅಂಗಳಕ್ಕೆ ಇಂಟರ್‌ಲಾಕ್ ಹಾಸಿ, ಹಿತ್ತಿಲಲ್ಲಿ ಒಂದಿಷ್ಟು ಗಿಡ ನೆಟ್ಟರೆ ಸಾಕು ಎಂದುಕೊಳ್ಳುವವರೇ ಹೆಚ್ಚು. ಕೊಡಗಿನಲ್ಲಿ ಅಷ್ಟು ಸಾಲದು. ಸೂರು ಬದಲಾದರೆ ನೀರು ಬೀಳುವ ಜಾಗವೂ ಬದಲಾಗುತ್ತದೆ. 1,500 ಚದರಡಿ ಮಾಡಿನ (ಛಾವಣಿಯ) ಮೇಲೆ ಒಂದು ದಿನಕ್ಕೆ 100 ಮಿ.ಮೀ. ಮಳೆ ಬಿದ್ದರೆ ಇಳಿಯುವ ನೀರು ಸುಮಾರು 14,000 ಲೀಟರ್. ಮಡಿಕೇರಿ, ಭಾಗಮಂಡಲದ ಕಡೆ ಜುಲೈಯಲ್ಲಿ ಅಂಥ ದಿನಗಳು ಅಪರೂಪವಲ್ಲ. ಗಿಡದ ಪಟ್ಟಿ ಮಾಡುವ ಮುಂಚೆ ಈ ನೀರು ಎಲ್ಲಿಂದ ಇಳಿದು ಎಲ್ಲಿಗೆ ಹೋಗುತ್ತದೆ ಎಂದು ಕಾಗದದ ಮೇಲೆ ಗೆರೆ ಎಳೆಯಿರಿ.

ಪ್ರತಿ 500 ಚದರಡಿ ಮಾಡಿಗೆ ಒಂದು ನಾಲ್ಕಿಂಚಿನ ಪೈಪಾದರೂ ಇಳಿಯಬೇಕು. ಅಂಗಳದ ಮಟ್ಟ ಮನೆಯ ಪ್ಲಿಂತ್‌ಗಿಂತ (ನೆಲಗಟ್ಟಿನ ಮಟ್ಟಕ್ಕಿಂತ) ಕನಿಷ್ಠ ಆರಿಂಚು ಕೆಳಗಿರಲಿ. ಹಳೆ ಕಾಂಕ್ರೀಟಿನ ಮೇಲೆಯೇ ಜಲ್ಲಿ, ಎಂ-ಸ್ಯಾಂಡ್, ಇಂಟರ್‌ಲಾಕ್ ಹಾಸಿದರೆ ಅಂಗಳ ಏಳರಿಂದ ಹತ್ತಿಂಚು ಏರಿ ಈ ಅಂತರವೇ ಮಾಯವಾಗುತ್ತದೆ. ಮೊದಲ ಮಳೆಗಾಲದಲ್ಲೇ ಹೊಸ ಪೇಂಟು ಗೋಡೆಯ ಬುಡದಿಂದ ಉಬ್ಬಿ ಏಳುತ್ತದೆ. ಹಳೆಯದನ್ನು ಒಡೆದು ತೆಗೆಯುವ ಖರ್ಚನ್ನು ಅಂದಾಜಿನಲ್ಲೇ ಸೇರಿಸಿಕೊಳ್ಳಿ. ಮನೆಯಿಂದ ಆಚೆಗೆ 25 ಅಡಿಗೆ ಆರಿಂಚು ಇಳಿಜಾರು ಬೇಕು. ಕಣ್ಣಳತೆ ಸಾಲದು, ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಪೈಪು) ಹಿಡಿದೇ ನೋಡಬೇಕು.

ಇಂಟರ್‌ಲಾಕ್ ಹಾಕುವುದಾದರೆ ನಡೆದಾಡುವ ಕಡೆ 60 ಮಿ.ಮೀ., ಜೀಪು ನಿಲ್ಲುವ ಕಡೆ 80 ಮಿ.ಮೀ. ದಪ್ಪದ್ದು. ಕೆಳಗೆ ದಮ್ಮಸ್ಸು ಮಾಡಿದ ಜಲ್ಲಿ ನಾಲ್ಕರಿಂದ ಆರಿಂಚು, ಅದರ ಮೇಲೆ ಒಂದಿಂಚು ಎಂ-ಸ್ಯಾಂಡ್. ಅಂಚಿಗೆ ಕಾಂಕ್ರೀಟ್ ಕಟ್ಟೆ ಕೊಡದಿದ್ದರೆ ಕಲ್ಲುಗಳು ಒಂದೊಂದಾಗಿ ಸರಿಯುತ್ತವೆ. ನುಣುಪಾದ ಟೈಲ್ಸ್ ಖಂಡಿತ ಬೇಡ. ಪಾಚಿ ಕಟ್ಟಿದ ಮೇಲೆ ವಯಸ್ಸಾದವರು ಅದರ ಮೇಲೆ ಕಾಲಿಡುವುದೇ ಅಪಾಯ. ಹಂಚಿನ ಮಾಡು, ಮರದ ಕಂಬ ಉಳಿಸಿಕೊಂಡ ಮನೆಗೆ ಒರಟು ಕಲ್ಲಿನ ಚಪ್ಪಡಿಯೇ ಒಪ್ಪುತ್ತದೆ. ಸೂರಿನ ಕೆಳಗಿನ ಚರಂಡಿಯನ್ನು ಜಲ್ಲಿ ತುಂಬಿ ಮುಚ್ಚಬೇಡಿ. ಸಿಲ್ವರ್ ಓಕ್ ಎಲೆ ಸೇರಿ ಅದು ಕಟ್ಟಿಕೊಳ್ಳುತ್ತದೆ. ಒಂದಡಿ ಅಗಲದ ತೆರೆದ ಚರಂಡಿ ನೋಡಲು ಅಷ್ಟು ಚಂದವಿಲ್ಲ, ಆದರೆ ಗುಡಿಸಬಹುದು.

ಇನ್ನೊಂದು ಪ್ರಶ್ನೆಯನ್ನು ಮನೆಯವರೆಲ್ಲ ಕೂತು ಇತ್ಯರ್ಥ ಮಾಡಬೇಕು: ಕಾಫಿ, ಕರಿಮೆಣಸು ಒಣಗಿಸುವುದು ಎಲ್ಲಿ? ಬಹಳ ಮನೆಗಳಲ್ಲಿ ಮುಂದಿನ ಅಂಗಳವೇ ಕಣ. ಅಲ್ಲಿ ಲಾನ್ ಮಾಡಿದರೆ ಡಿಸೆಂಬರಿನಲ್ಲಿ ಪರದಾಟ. ಇಂಟರ್‌ಲಾಕ್ ಹಾಕಿದರೆ ಸಂದುಗಳಲ್ಲಿ ಕರಿಮೆಣಸು ಸಿಕ್ಕಿಕೊಂಡು ಪೊರಕೆಗೆ ಬರುವುದೇ ಇಲ್ಲ. ಕಣದ ಭಾಗವನ್ನು ಸಿಮೆಂಟಿನದಾಗಿಯೇ ಬಿಟ್ಟು ಸುತ್ತ ಗಿಡದ ಪಾತಿ ಮಾಡುವುದು ಒಳ್ಳೆಯದು. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಕಣದ ದಕ್ಷಿಣಕ್ಕೆ 20 ಅಡಿ ಮರವಿದ್ದರೆ ನಡು ಮಧ್ಯಾಹ್ನವೂ 14 ಅಡಿ ನೆರಳು ಬೀಳುತ್ತದೆ. ಸಂಪಿಗೆ, ಬೆಣ್ಣೆಹಣ್ಣಿನಂಥವು ಉತ್ತರದ ಬದಿಗಿರಲಿ.

ಗಿಡ ಸೊರಗಲು ದೊಡ್ಡ ಕಾರಣ ನವೀಕರಣದ ಕಸ. ಒಡೆದ ಗಾರೆ, ಸಿಮೆಂಟು ಚೂರನ್ನು ಕೆಲಸದವರು ಅಂಗಳದಲ್ಲೇ ಹರಡಿ, ಮೇಲೆ ಮೂರಿಂಚು ಕೆಂಪು ಮಣ್ಣು ಎಳೆದು ಹೋಗುತ್ತಾರೆ. ನಮ್ಮ ಮಣ್ಣು ಸಹಜವಾಗಿ ಹುಳಿ ಗುಣದ್ದು. ಸಿಮೆಂಟು ಅದನ್ನು ಕ್ಷಾರಕ್ಕೆ ತಿರುಗಿಸುತ್ತದೆ. ಹೈಡ್ರೇಂಜಿಯ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಹುಳಿ ಮಣ್ಣಿನಲ್ಲಿ ನೀಲಿ ಬಿಡುವ ಅದೇ ತಳಿ, ಹೊಸ ಗೋಡೆಯ ಬುಡದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬೇರಿನ ಬಳಿ ಸಿಮೆಂಟು ಇರಬಹುದೆಂದು ಅಗೆದು ನೋಡಿ. ಕೆಲಸ ಶುರುವಾಗುವ ಮೊದಲೇ ಮೇಲಿನ ಆರೆಂಟು ಇಂಚು ಮಣ್ಣನ್ನು ಕೆರೆದು, ಒಂದು ಕಡೆ ರಾಶಿ ಹಾಕಿ ಟಾರ್ಪಾಲು ಮುಚ್ಚಿ. ಆಮೇಲೆ ಪಾತಿಯನ್ನು ಒಂದಡಿ ಅಗೆದು ಕಸವೆಲ್ಲ ಹೊರಗೆ ಹಾಕಿ, ಲಾರಿ ಓಡಾಡಿ ಗಟ್ಟಿಯಾದ ತಳವನ್ನು ಪಿಕಾಸಿಯಿಂದ ಸಡಿಲಿಸಿ, ಮೂರು ಪಾಲು ಆ ಮಣ್ಣಿಗೆ ಒಂದು ಪಾಲು ಕಳಿತ ಕಾಂಪೋಸ್ಟ್ ಸೇರಿಸಿ ತುಂಬಿ. ಹಸಿ ಕಾಫಿ ಸಿಪ್ಪೆ ಹಾಕಬೇಡಿ, ಕಳಿಯುವಾಗ ಬೇರು ಸುಡುತ್ತದೆ. ನೆರಳಿನ ಅಂಗಳಕ್ಕೆ ಅಗಲ ಎಲೆಯ ಬಫೆಲೋ ಹುಲ್ಲು ಸರಿ. ಮೆಕ್ಸಿಕನ್ ಹುಲ್ಲಿಗೆ ಪೂರ್ತಿ ಬಿಸಿಲು ಬೇಕು.

ಹಿತ್ತಿಲಿನ ಮಾತು ಬಂದಾಗ ಬರೆಯ (ಮನೆಯ ಹಿಂದೆ ಗುಡ್ಡ ಕೊರೆದಲ್ಲಿ ನಿಂತ ಮಣ್ಣಿನ ಗೋಡೆಯ) ವಿಚಾರದಲ್ಲಿ ಗಟ್ಟಿಯಾಗಿಯೇ ಹೇಳಬೇಕಾಗುತ್ತದೆ. ‘ಜೆಸಿಬಿ ಹೇಗೂ ಬಂದಿದೆ, ಬರೆ ಇನ್ನೈದಡಿ ಕೊರೆದರೆ ಜಾಗ ಅಗಲವಾಗುತ್ತೆ’ ಎನ್ನುವ ಆಸೆ ಬಿಡಿ. ನೆಟ್ಟಗೆ ಕೊರೆದ ಬರೆ ಮಾರ್ಚಿಯಲ್ಲಿ ನಿಂತಿರುತ್ತದೆ. ಜುಲೈಯಲ್ಲಿ ನೀರು ಕುಡಿದು ಅದರ ತೂಕ ಹೆಚ್ಚುತ್ತದೆ, ಮಣ್ಣಿನ ಹಿಡಿತ ಕಳಚುತ್ತದೆ. 2018ರ ಆಗಸ್ಟಿನ ಭೂಕುಸಿತ ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಾಗ ಬೇಕೇ ಬೇಕೆಂದರೆ ಮೂರಡಿ ಎತ್ತರಕ್ಕೊಂದು ಮೆಟ್ಟಿಲು ಮಾಡಿ. ಪ್ರತಿ ಮೆಟ್ಟಿಲಿನ ನೀರು ಪಕ್ಕದ ಚರಂಡಿಗೆ ಹರಿಯಬೇಕು, ಅಂಚು ದಾಟಿ ಕೆಳಗಿಳಿಯಬಾರದು. ತಡೆಗೋಡೆಯ ಹಿಂದೆ ಒಂದಡಿ ದಪ್ಪ ಜಲ್ಲಿ, ಗೋಡೆಯಲ್ಲಿ ನಾಲ್ಕಡಿಗೊಂದು ಮೂರಿಂಚಿನ ಪೈಪು ಇರಲೇಬೇಕು. ಗೋಡೆ ಬೀಳಿಸುವುದು ಹೆಚ್ಚಾಗಿ ಅದರ ಹಿಂದೆ ನಿಂತ ನೀರು. ಐದಡಿಗಿಂತ ಎತ್ತರದ ಗೋಡೆಯನ್ನು ಇಂಜಿನಿಯರ್ ಲೆಕ್ಕ ಹಾಕದೆ ಕಟ್ಟಿಸಬೇಡಿ.

ಬರೆಯ ನೆತ್ತಿಯಲ್ಲಿ ಸಿಲ್ವರ್ ಓಕ್ ಬೇಡ, ಗಾಳಿಗೆ ತೂಗಿ ಅಂಚನ್ನೇ ಕೀಳುತ್ತದೆ. ಜೂನ್ ಮೊದಲ ಮಳೆಗೆ ಲಾವಂಚವನ್ನು ಇಳಿಜಾರಿಗೆ ಅಡ್ಡಲಾಗಿ, ಆರಿಂಚಿಗೊಂದು ಬುಡದಂತೆ ಸಾಲು ನೆಡಿ. ಇಂಗುಗುಂಡಿ ಒಳ್ಳೆಯದೆಂದು ಎಲ್ಲ ಕಡೆ ಹೇಳುತ್ತಾರೆ. ಮಳೆ ಕಡಿಮೆಯಿರುವ ಕುಶಾಲನಗರದ ಸಮತಟ್ಟು ಜಾಗಕ್ಕೆ ಅದು ಸರಿ. ಮಡಿಕೇರಿಯ ಇಳಿಜಾರಿನಲ್ಲಿ ಬರೆಯ ಮೇಲೆ ಗುಂಡಿ ತೋಡಿದರೆ ಕುಸಿತಕ್ಕೆ ನಾವೇ ನೀರು ಕೊಟ್ಟಂತೆ.

ಕರಿಬೇವು, ಗಾಂಧಾರಿ ಮೆಣಸು, ಅರಿಶಿನ ಅಡುಗೆಮನೆ ಬಾಗಿಲಿಗೆ ಹತ್ತಿರವಿರಲಿ. ಸಿದ್ದಾಪುರದಂಥ ಆನೆ ಓಡಾಡುವ ಕಡೆ ಹಲಸು, ಬಾಳೆಯನ್ನು ಮನೆಗೆ ಅಂಟಿಸಿ ಬೆಳೆಸಬೇಡಿ.

ಮಣ್ಣು, ಕಲ್ಲಿನ ಕೆಲಸ ಏಪ್ರಿಲ್ ಒಳಗೆ ಮುಗಿಯಬೇಕು, ನೆಡುವುದು ಜೂನ್ ಮೊದಲ ವಾರಗಳಲ್ಲಿ. ಕಂಟ್ರಾಕ್ಟರಿಗೆ ಕೊಡುವ ಹಣದಲ್ಲಿ ಹತ್ತನೇ ಒಂದು ಭಾಗವನ್ನು ಜುಲೈ ಕಳೆಯುವವರೆಗೆ ಇಟ್ಟುಕೊಳ್ಳುವುದೆಂದು ಮೊದಲೇ ಮಾತಾಡಿಕೊಳ್ಳಿ. ಜೋರು ಮಳೆಯಲ್ಲಿ ಕೊಡೆ ಹಿಡಿದು ಅಂಗಳ, ಹಿತ್ತಿಲು ಸುತ್ತಿ ನೀರು ನಿಂತ ಕಡೆ, ಚರಂಡಿ ಉಕ್ಕಿದ ಕಡೆ ಫೋಟೋ ತೆಗೆದಿಡಿ. ತಿದ್ದುವ ಕೆಲಸ ಮಳೆ ಬಿಟ್ಟ ಮೇಲೆ.