ಬ್ಯಾಸಗಿ ಬಿಸಿಲು, ಹವಳದ ತೊಟ್ಟಿ ಮತ್ತು ಏರುವ ಉಪ್ಪು

ಮಾರ್ಚ್ ಮುಗಿಯುತ್ತಿದ್ದಂತೆ ಮನೆಯಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಹವಳ ಸಾಕುವ ವಿಜಯಪುರ, ಬಾಗಲಕೋಟೆ ಕಡೆಯವರಿಂದ ನನಗೆ ಬರುವ ಕರೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. 'ಹವಳ ಅರಳವಲ್ದರಿ, ಬೆಳ್ಳಗಾಗ್ಲಿಕತ್ತಾವು.' ನೀರಿನ ಬಿಸಿ ಎಷ್ಟಿದೆ ಎಂದು ಕೇಳಿದರೆ ಥಟ್ಟನೆ ಹೇಳುತ್ತಾರೆ. ಉಪ್ಪಿನಂಶ ಕೇಳಿದರೆ, 'ಹೊಸದಾಗಿ ಉಪ್ಪು ಹಾಕೇ ಇಲ್ಲ, ಅದು ಹೆಂಗ ಏರ್ತದ?' ಎನ್ನುತ್ತಾರೆ.

ಏರುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. 200 ಲೀಟರಿನ ತೊಟ್ಟಿಯಲ್ಲಿ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ 7 ಕಿಲೋ ಉಪ್ಪಿರುತ್ತದೆ. ದಿನಕ್ಕೆ 4 ಲೀಟರ್ ಆರಿಹೋದರೆ ಮೂರು ದಿನಕ್ಕೆ ಅದೇ 7 ಕಿಲೋ 188 ಲೀಟರಿನಲ್ಲಿ ಉಳಿದು, ಉಪ್ಪಿನಂಶ 37 ದಾಟುತ್ತದೆ. ಮೀನುಗಳು ಮೂತ್ರಪಿಂಡ, ಕಿವಿರುಗಳ ಬಲದಿಂದ ಹೇಗೋ ಸುಧಾರಿಸಿಕೊಳ್ಳುತ್ತವೆ. ಹವಳ, ಸೀಗಡಿ, ನಕ್ಷತ್ರಮೀನುಗಳಿಗೆ ಆ ಶಕ್ತಿ ಕಡಿಮೆ. ಹೊರಗಿನ ನೀರು ಬದಲಾದಂತೆ ಅವುಗಳ ಮೈಯೊಳಗಿನ ನೀರೂ ಬದಲಾಗುತ್ತದೆ.

ನಮ್ಮ ಭಾಗದಲ್ಲಿ ಇದು ಇನ್ನೂ ಬಿಗಡಾಯಿಸಲು ಕಾರಣ, ತಂಪು ಮಾಡಲು ನಾವು ಹಚ್ಚುವ ಫ್ಯಾನು. ಹೊರಗೆ 40 ಡಿಗ್ರಿ ದಾಟಿ ಗಾಳಿ ಒಣಗಿದಾಗ ನೀರಿನ ಮೇಲೆ ಬೀಸುವ ಸಣ್ಣ ಫ್ಯಾನು ಎರಡು ಮೂರು ಡಿಗ್ರಿ ಇಳಿಸಿಬಿಡುತ್ತದೆ. ಆದರೆ ಆ ತಂಪು ಬರುವುದೇ ನೀರು ಆವಿಯಾಗುವುದರಿಂದ. ಹಾಗಾಗಿ ಫ್ಯಾನು ಹಚ್ಚಿದ ದಿನವೇ ನೀರು ತುಂಬಿಸುವ ವ್ಯವಸ್ಥೆಯೂ ಆಗಬೇಕು. ಸಂಪ್‌ನ, ಅಂದರೆ ತೊಟ್ಟಿಯ ಕೆಳಗಿಟ್ಟು ನೀರು ಸೋಸುವ ಸಣ್ಣ ತೊಟ್ಟಿಯ, ಗಾಜಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಪಂಪು ನಡೆಯುತ್ತಿರುವಾಗ ನೀರು ಆ ಗೆರೆಗೇ ನಿಲ್ಲಬೇಕು. ತುಂಬಿಸುವುದು ಸಿಹಿನೀರು, ಅದೂ ಆರ್‌ಓ ಫಿಲ್ಟರ್ ಮತ್ತು ಉಳಿದ ಲವಣವನ್ನೂ ಹೀರುವ ಡಿಐ ರಾಳ ಎರಡೂ ದಾಟಿ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) ಸೊನ್ನೆ ತೋರಿಸುವ ನೀರು. ಬೋರಿನ ಗಡಸು ನೀರು ದಿನವೂ ಬಿದ್ದರೆ ಅದರೊಳಗಿನ ಲವಣ, ನೈಟ್ರೇಟ್ ಎಲ್ಲ ತೊಟ್ಟಿಯಲ್ಲೇ ಶೇಖರವಾಗುತ್ತವೆ.

ನೀರು ಇಳಿದಂತೆ ತಾನೇ ಸಿಹಿನೀರು ತುಂಬಿಸುವ, ಫ್ಲೋಟ್ (ತೇಲುವ ಸ್ವಿಚ್ಚು) ಇರುವ ಆಟೋ ಟಾಪ್‌ಅಪ್ ಹಾಕಿಸಿ, ಆದರೆ ಅದರ ಸಿಹಿನೀರಿನ ಡಬ್ಬಿ ದೊಡ್ಡದು ಬೇಡ. ಫ್ಲೋಟ್ ಸಿಕ್ಕಿಕೊಂಡು 10 ಲೀಟರ್ ಪೂರ್ತಿ ಸುರಿದರೂ 200 ಲೀಟರಿನಲ್ಲಿ 35 ಇದ್ದದ್ದು 33ರ ಆಸುಪಾಸಿಗೆ ನಿಲ್ಲುತ್ತದೆ, ಜೀವಗಳು ಬದುಕುತ್ತವೆ. 50 ಲೀಟರಿನ ಡ್ರಮ್ಮಾದರೆ ಕಥೆ ಬೇರೆ.

ಬಿಸಿಯ ವಿಷಯಕ್ಕೆ ಬಂದರೆ, ನಾನು 25ರಿಂದ 26 ಡಿಗ್ರಿ ಹಿಡಿಯುತ್ತೇನೆ. ನೀರು 30 ದಾಟಿ ದಿನಗಟ್ಟಲೆ ನಿಂತರೆ ಹವಳ ತನ್ನೊಳಗೆ ವಾಸಿಸುವ ಪಾಚಿಯನ್ನು ಹೊರಹಾಕುತ್ತದೆ. ಅದರ ಬಣ್ಣವೂ ಊಟದ ಬಹುಪಾಲೂ ಆ ಪಾಚಿಯಿಂದಲೇ ಬರುವಂಥದ್ದು. ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಅದಕ್ಕೇ ಮಧ್ಯಾಹ್ನ ಕರೆಂಟ್ ಹೋದರೆ ಹವಳಕ್ಕಿಂತ ಮೊದಲು ಮೀನು ಸಾಯುತ್ತವೆ. ಇನ್ವರ್ಟರ್‌ಗೆ ಲೈಟು ಬೇಡ, ನೀರು ತಿರುಗಿಸುವ ಪಂಪನ್ನು ಕೊಡಿ. ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಕೊಂಡವರು ಅದನ್ನು ಕ್ಯಾಬಿನೆಟ್ಟಿನೊಳಗೆ ಮುಚ್ಚಿಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನೀರಿನಿಂದ ತೆಗೆದ ಶಾಖವನ್ನು ಅದು ಅಲ್ಲೇ ಕಕ್ಕಿ, ಮತ್ತೆ ಅದನ್ನೇ ತೆಗೆಯಲು ಹೆಣಗುತ್ತಿರುತ್ತದೆ.

ಉಪ್ಪಿನಂಶ ಅಳೆಯಲು ರಿಫ್ರ್ಯಾಕ್ಟೋಮೀಟರ್ ಇರಲಿ, ನೀರಿನ ಹನಿಯಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪು ಹೇಳುವ ಸಾಧನ ಅದು. ಮುಳ್ಳಿನ ಪ್ಲಾಸ್ಟಿಕ್ ಹೈಡ್ರೋಮೀಟರಿನ ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಓದು ಮೇಲಕ್ಕೆ ಜಿಗಿಯುತ್ತದೆ. ರಿಫ್ರ್ಯಾಕ್ಟೋಮೀಟರನ್ನೂ ಬರೀ ಆರ್‌ಓ ನೀರಿನಿಂದ ಸೊನ್ನೆಗೆ ಹೊಂದಿಸಿದರೆ ಸಾಲದು, 35ರ ಪ್ರಮಾಣಿತ ದ್ರಾವಣದಿಂದ ಹೊಂದಿಸಬೇಕು. ನಾವು ನೋಡುವ ಜಾಗ ಅದೇ ಅಲ್ಲವೇ? ಏರಿದ್ದು ಕಂಡರೆ ಒಮ್ಮೆಲೇ ಇಳಿಸಬೇಡಿ, ದಿನಕ್ಕೆ ಒಂದು ಅಂಕ ಸಾಕು.

ಬೆಳಗಾವಿಯವರಿಗೆ ಗೋವಾ ಹತ್ತಿರ, ಕ್ಯಾನಿನಲ್ಲಿ ಸಮುದ್ರದ ನೀರು ತರುವವರಿದ್ದಾರೆ. ಮಳೆಗಾಲದಲ್ಲಿ ಮಾಂಡೋವಿ, ಜುವಾರಿಯಂಥ ನದಿಗಳು ಸೇರುವ ಕಡೆಯ ನೀರು ತೀರ ಸಪ್ಪೆಯಾಗಿರುತ್ತದೆ, ಅಳೆಯದೆ ಸುರಿಯಬೇಡಿ. ಜೊತೆಗೆ ಹವಳದ ತುಂಡು ತರುವ ಮಾತೇ ಬೇಡ. ನಮ್ಮ ಕರಾವಳಿಯ ಕಲ್ಲುಹವಳಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ.

ಮಳೆ ಹಿಡಿದ ಬೆಳಗಾವಿಯಲ್ಲಿ ತೇವದ ಗಾಳಿಗೆ ಫ್ಯಾನು ಅಷ್ಟು ತಂಪು ಕೊಡದು, ನೀರೂ ಕಡಿಮೆ ಆರುತ್ತದೆ. ಕೈಯಿಂದ ತುಂಬಿಸುವವರು ಬ್ಯಾಸಗಿಯ ಅಳತೆಯಲ್ಲೇ ಸುರಿದರೆ ಉಪ್ಪು ಇಳಿಯುತ್ತದೆ. ಇನ್ನು ಡಿಸೆಂಬರಿನ ಚಳಿಗೆ ಹೀಟರ್ ಬೇಕೇ ಬೇಕು. 200 ವ್ಯಾಟಿನ ಒಂದರ ಬದಲು 100ರ ಎರಡು ಹಾಕಿ. ಒಂದರ ಥರ್ಮೋಸ್ಟಾಟ್ ಆಫ್ ಆಗದೆ ಕೆಟ್ಟುನಿಂತರೂ ಬೆಳಗಾಗುವಷ್ಟರಲ್ಲಿ ನೀರು ಕುದಿಬಿಸಿಯಾಗುವುದಿಲ್ಲ.