ಬ್ಲೂ ಮೌಂಟನ್ ಕಾಫಿ: ಹೆಸರಿಗೆ ಕಾನೂನು, ಬೀಜದೊಳಗೆ ಪುರಾವೆ

ಜಮೈಕಾ ದ್ವೀಪದ ಪೂರ್ವಕ್ಕೆ ಬ್ಲೂ ಮೌಂಟನ್ಸ್ ಎಂಬ ಬೆಟ್ಟಸಾಲಿದೆ. ಅಲ್ಲಿ ಬೆಳೆಯುವ ಅರೇಬಿಕಾ ಜಗತ್ತಿನ ಅತಿ ದುಬಾರಿ ಕಾಫಿಗಳಲ್ಲಿ ಒಂದು. ಬೇರೆ ಕಾಫಿ ಚೀಲದಲ್ಲಿ ಹಡಗು ಹತ್ತಿದರೆ, ಇದು ಮರದ ಪೀಪಾಯಿಯಲ್ಲಿ ಹೋಗುತ್ತದೆ. ಬಹಳ ವರ್ಷ ಇದರ ದೊಡ್ಡ ಗಿರಾಕಿ ಜಪಾನ್ ಆಗಿತ್ತು.

ಜಮೈಕಾದ ವಿಸ್ತೀರ್ಣ ಸುಮಾರು 11,000 ಚದರ ಕಿಲೋಮೀಟರ್, ಅಷ್ಟೇ. ಎಷ್ಟು ಬೆಳೆದರೂ ಬ್ರೆಜಿಲ್, ವಿಯೆಟ್ನಾಂಗೆ ಸಾಟಿಯಾಗಲು ಆಗದು. ಅದಕ್ಕೆ ಹಣ ತರುವುದು ಕಾಫಿಯ ತೂಕಕ್ಕಿಂತ ಜಾಸ್ತಿ ಅದರ ಹೆಸರು. ಹಾಗಾಗಿ ಆ ಹೆಸರಿಗೆ ಅಲ್ಲಿ ಬಿಗಿಯಾದ ನಿಯಮವಿದೆ. ನಾಲ್ಕು ಪ್ಯಾರಿಷ್‌ಗಳ (ಅಲ್ಲಿನ ಜಿಲ್ಲೆಗಳ) ಗೊತ್ತುಪಡಿಸಿದ ಜಾಗದಲ್ಲಿ, ಸುಮಾರು 910ರಿಂದ 1,700 ಮೀಟರ್ ಎತ್ತರದಲ್ಲಿ ಬೆಳೆದರೆ ಮಾತ್ರ ಅದು ಬ್ಲೂ ಮೌಂಟನ್ ಕಾಫಿ. ಅದಕ್ಕಿಂತ ಕೆಳಗೆ ಬೆಳೆದದ್ದು ಬೇರೆ ಹೆಸರಲ್ಲಿ ಮಾರಾಟವಾಗಬೇಕು. ಎತ್ತರಕ್ಕೆ ಇಷ್ಟು ಮಹತ್ವ ಯಾಕೆ ಅಂತ ನಮ್ಮ ಚಿಕ್ಕಮಗಳೂರು, ಕೊಡಗಿನ ಬೆಳೆಗಾರರಿಗೆ ಹೇಳಬೇಕಿಲ್ಲ. ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ.

ಆದರೆ ಒಂದು ದೇಶದ ಕಾನೂನು ಅದರ ಗಡಿಯೊಳಗೆ ಮಾತ್ರ ನಡೆಯುತ್ತದೆ. ಬೌದ್ಧಿಕ ಆಸ್ತಿಯ ವಿಷಯದಲ್ಲಿ ಸಣ್ಣ ದೇಶಗಳಿಗೆ ದೊಡ್ಡ ತೊಡಕು ಇದೇ. ಸರಕು ಮಾರಾಟವಾಗುವುದು ಹೊರದೇಶದಲ್ಲಿ, ನಕಲು ಆಗುವುದೂ ಅಲ್ಲೇ. ಜಮೈಕಾದ ಮೊದಲ ಜಿಐ ಟ್ಯಾಗ್ (ಸರಕಿನ ಹೆಸರನ್ನು ಅದರ ಊರಿಗೇ ಮೀಸಲಿಡುವ ಭೌಗೋಳಿಕ ಗುರುತು) 2015ರಲ್ಲಿ ಸಿಕ್ಕಿದ್ದು ಜರ್ಕ್ ಎಂಬ ಖಾರದ ಮಸಾಲೆಗೆ. 2018ರಲ್ಲಿ ಬ್ರಿಟನ್ನಿನ ಖ್ಯಾತ ಬಾಣಸಿಗ ಜೇಮಿ ಆಲಿವರ್ 'ಪಂಚಿ ಜರ್ಕ್ ರೈಸ್' ಎಂಬ ಅನ್ನದ ಪ್ಯಾಕೆಟ್ ತಂದಾಗ, ಇದರಲ್ಲಿ ಜರ್ಕ್‌ನ ಮುಖ್ಯ ಸಾಮಗ್ರಿಗಳೇ ಇಲ್ಲವಲ್ಲ ಎಂದು ಜೋರು ಗಲಾಟೆಯಾಯಿತು. ಗಲಾಟೆ ಮಾಡಬಹುದಿತ್ತು, ನಿಜ. ಆದರೆ ಜಮೈಕಾದ ಜಿಐ ನೋಂದಣಿ ತಾನಾಗಿಯೇ ಬ್ರಿಟನ್ನಿಗೆ ಅನ್ವಯಿಸುವುದಿಲ್ಲ.

ಟ್ರೇಡ್‌ಮಾರ್ಕ್ ವಿಷಯದಲ್ಲಿ ಈಗ ಸ್ವಲ್ಪ ಸಲೀಸಾಗಿದೆ. 2022ರಲ್ಲಿ ಜಮೈಕಾ ಮ್ಯಾಡ್ರಿಡ್ ವ್ಯವಸ್ಥೆಗೆ ಸೇರಿತು. ಒಂದೇ ಅರ್ಜಿಯಲ್ಲಿ ಹಲವು ದೇಶಗಳಲ್ಲಿ ರಕ್ಷಣೆ ಕೇಳಬಹುದು. ಮೊದಲಾದರೆ ಒಂದೊಂದು ದೇಶದಲ್ಲೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಖರ್ಚು. ಸಣ್ಣ ವ್ಯಾಪಾರಿ ಅಲ್ಲಿಗೇ ಕೈಬಿಡುತ್ತಿದ್ದ.

ಸರಿ, ನೋಂದಣಿ ಆಯಿತು. ಯಾರೋ ಅಗ್ಗದ ಕಾಫಿ ಹುರಿದು, ಪುಡಿ ಮಾಡಿ, 'ಬ್ಲೂ ಮೌಂಟನ್' ಎಂದು ಮಾರುತ್ತಾರೆ. ಕೋರ್ಟಿನಲ್ಲಿ ಸಾಬೀತು ಮಾಡುವುದು ಹೇಗೆ? ಪುಡಿ ನೋಡಿದರೆ ಊರು ಗೊತ್ತಾಗುತ್ತದೆಯೇ?

ಗೊತ್ತಾಗುತ್ತದೆ. ಇದೇ ನನಗೆ ಬಹಳ ಹಿಡಿಸುವ ಭಾಗ. ಗಿಡ ನೀರಿನ ಜೊತೆ ಮಣ್ಣಿನ ಸ್ಟ್ರಾನ್ಷಿಯಂ, ಬೇರಿಯಂ, ಸತು, ನಿಕಲ್‌ಗಳನ್ನೂ ಹೀರುತ್ತದೆ. ಅವು ಎಷ್ಟೆಷ್ಟು ಎಂಬುದು ಆಯಾ ನೆಲದ ಬಂಡೆ, ಮಣ್ಣಿನ ಮೇಲೆ ನಿಂತಿದೆ. ಹುರಿದಾಗ ಬೀಜದ ತೂಕ ಇಳಿಯುತ್ತದೆ, ಹಾಗಾಗಿ ಒಂದೇ ಧಾತುವಿನ ಪ್ರಮಾಣ ನೋಡಿದರೆ ಮೋಸ ಹೋಗಬಹುದು. ಆದರೆ ಎರಡು ಧಾತುಗಳ ನಡುವಿನ ಅನುಪಾತ ಅಷ್ಟಾಗಿ ಬದಲಾಗುವುದಿಲ್ಲ. ಎತ್ತರದ ಗುರುತೂ ಸಿಗುತ್ತದೆ. ಮೋಡ ಬೆಟ್ಟ ಏರುತ್ತಾ ಮಳೆ ಸುರಿಸುವಾಗ ಆಕ್ಸಿಜನ್ 18 ಎಂಬ ಭಾರದ ಆಕ್ಸಿಜನ್ ಇರುವ ನೀರು ಮೊದಲು ಬೀಳುತ್ತದೆ. ಮೇಲಕ್ಕೆ ಹೋದಂತೆ ಮಳೆನೀರಲ್ಲಿ ಆ ಆಕ್ಸಿಜನ್ 18 ಕಡಿಮೆ. ಆ ನೀರು ಕುಡಿದ ಗಿಡದ ಬೀಜದಲ್ಲೂ ಅದರ ಛಾಯೆ ಉಳಿಯುತ್ತದೆ.

ಈ ರಸಾಯನಶಾಸ್ತ್ರ ಕೋರ್ಟಿಗೂ ಹೋಗಿದೆ. ಹವಾಯಿ ದ್ವೀಪದ ಕೋನಾ ಕಾಫಿ ಬೆಳೆಗಾರರು 2019ರಲ್ಲಿ ಹಲವು ಕಂಪನಿಗಳ ಮೇಲೆ ದಾವೆ ಹೂಡಿದರು. 'ಕೋನಾ' ಎಂದು ಬರೆದ ಎಷ್ಟೋ ಪ್ಯಾಕೆಟ್‌ಗಳಲ್ಲಿರುವುದು ಕೋನಾ ಕಾಫಿ ಅಲ್ಲವೇ ಅಲ್ಲ ಎಂಬುದು ದೂರು. ಧಾತುಗಳ ಅನುಪಾತ ಅವರ ಮುಖ್ಯ ಸಾಕ್ಷ್ಯವಾಯಿತು. ಒಂದೊಂದೇ ಕಂಪನಿ ರಾಜಿಗೆ ಬಂದು, ಒಟ್ಟು 4 ಕೋಟಿ ಡಾಲರ್‌ಗೂ ಹೆಚ್ಚು ಮೊತ್ತಕ್ಕೆ ಒಪ್ಪಿದವು. ಹವಾಯಿ ಅಮೆರಿಕದ್ದೇ ರಾಜ್ಯ, ಅಲ್ಲಿನ ರೈತರಿಗೆ ಅಮೆರಿಕದ ಕೋರ್ಟು ಸ್ವಂತ ಕೋರ್ಟು. ಜಮೈಕಾದವರು ಪರದೇಶದಲ್ಲಿ ವಕೀಲರನ್ನು ಹಿಡಿಯಬೇಕು.

ಇನ್ನೊಂದು ಅನ್ಯಾಯವೂ ಇದೆ. ಬೌದ್ಧಿಕ ಆಸ್ತಿಯ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಎಂಬ ಒಪ್ಪಂದ ವೈನ್ ಮತ್ತು ಮದ್ಯಗಳ ಊರಿನ ಹೆಸರಿಗೆ ಹೆಚ್ಚಿನ ರಕ್ಷಣೆ ಕೊಡುತ್ತದೆ. ಗ್ರಾಹಕ ಮೋಸ ಹೋದ ಎಂದು ತೋರಿಸುವ ಹೊರೆ ಅಲ್ಲಿಲ್ಲ. ಕಾಫಿಗೆ, ಚಹಾಕ್ಕೆ, ಅಕ್ಕಿಗೆ ಆ ಹೊರೆ ಇದೆ. ಅಂದರೆ ಜಮೈಕಾದ ರಮ್‌ಗೆ ಸಿಗುವ ರಕ್ಷಣೆ ಅದೇ ದ್ವೀಪದ ಕಾಫಿಗೆ ಇಲ್ಲ! ವೈನ್ ಮಾಡುವ ಶ್ರೀಮಂತ ದೇಶಗಳ ಒತ್ತಾಯದಿಂದ ಬಂದ ಈ ತಾರತಮ್ಯಕ್ಕೆ ಒಳ್ಳೆಯ ಕಾರಣ ನನಗಂತೂ ಕಾಣುವುದಿಲ್ಲ. ಎಲ್ಲ ಸರಕಿಗೂ ಒಂದೇ ಮಟ್ಟದ ರಕ್ಷಣೆ ಬೇಕು ಎಂದು ಭಾರತ, ಶ್ರೀಲಂಕಾ, ಮಾರಿಷಸ್ ಮುಂತಾದ ದೇಶಗಳು 20 ವರ್ಷಗಳಿಗೂ ಹಿಂದೆಯೇ ಆ ಸಂಸ್ಥೆಯ ಕೇಂದ್ರ ಜಿನೀವಾದಲ್ಲಿ ಕೇಳಿವೆ. 2019ರಲ್ಲಿ ಜಿಐ ಪಡೆದ ನಮ್ಮ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳ ಹಿತವೂ ಆ ಬೇಡಿಕೆಯಲ್ಲಿದೆ. ಒಪ್ಪಂದ ಇನ್ನೂ ಆಗಿಲ್ಲ.